ಕಡಿಮೆ ಬೆಲೆಯ ಸಣ್ಣ ಲ್ಯಾಪ್‌ಟಾಪ್: ಯಾವುದು ಯಾರಿಗೆ ಸರಿ?

ಬೆಲೆ ಕಡಿಮೆ ಅಂದಮೇಲೆ ಕಂಪನಿಯವರು ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದೇ ಇರುತ್ತಾರೆ. ಕೆಲವರು ಸ್ಕ್ರೀನ್‌ನಲ್ಲಿ ಉಳಿಸುತ್ತಾರೆ, ಕೆಲವರು ರ‍್ಯಾಮ್‌ನಲ್ಲಿ (ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿ), ಇನ್ನು ಕೆಲವರು ಬ್ಯಾಟರಿಯಲ್ಲಿ. ಹಾಗಾಗಿ 'ಇದರಲ್ಲಿ ಬೆಸ್ಟ್ ಯಾವುದು' ಎಂದು ಕೇಳಿ ಪ್ರಯೋಜನ ಇಲ್ಲ. ಎಲ್ಲಿ ಉಳಿಸಿದ್ದಾರೆ, ಆ ಕೊರತೆಯನ್ನು ಆಮೇಲೆ ನಾವು ಸರಿ ಮಾಡಿಕೊಳ್ಳಬಹುದಾ ಇಲ್ಲವಾ, ಇಷ್ಟು ಕೇಳಬೇಕು.

ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ಡ್ರೈವ್) ಸಣ್ಣದಾಯಿತಾ? ಎರಡು ವರ್ಷ ಬಿಟ್ಟು ದೊಡ್ಡದು ಹಾಕಿಸಬಹುದು. ಬ್ಯಾಟರಿ ಹಾಳಾಯಿತಾ? ಹೊಸದು ಸಿಗುತ್ತದೆ. ಸ್ಪೀಕರ್ ಸರಿ ಇಲ್ಲವಾ? ಇಯರ್‌ಫೋನ್ ಇದೆ. ಆದರೆ ಬೋರ್ಡಿಗೆ ಬೆಸುಗೆ ಹಾಕಿದ 4 ಜಿಬಿ ರ‍್ಯಾಮ್ ಕೊನೆಯವರೆಗೂ 4 ಜಿಬಿಯೇ. ಮಂಕು ಸ್ಕ್ರೀನನ್ನು ದಿನಾ ನೋಡುತ್ತಲೇ ಇರಬೇಕು. ಕೀಬೋರ್ಡ್ ಒಗ್ಗದಿದ್ದರೆ ಬರೆಯುವ ಮನಸ್ಸೇ ಬರುವುದಿಲ್ಲ. ಆದ್ದರಿಂದ ಇರುವ ದುಡ್ಡನ್ನು ಮೊದಲು ಬದಲಿಸಲಾಗದ ಭಾಗಗಳಿಗೆ ಹಾಕಿ ಎನ್ನುವುದು ನನ್ನ ಲೆಕ್ಕ. ಕೆಳಗಿನ ಹೋಲಿಕೆಯೆಲ್ಲ ಇದೇ ಕಣ್ಣಿನಿಂದ ಮಾಡಿದ್ದು.

ದಿನದ ಬಳಕೆ ಅಂದರೆ ಬ್ರೌಸರ್, ಮೇಲ್, ಬರವಣಿಗೆ, ಸ್ವಲ್ಪ ಲೆಕ್ಕದ ಶೀಟು, ವಿಡಿಯೊ ಕಾಲ್, ಆನ್‌ಲೈನ್ ಪಾಠ, ಸಿನಿಮಾ. ದೊಡ್ಡ ಗೇಮ್ ಆಡುವವರಿಗೆ, ವಿಡಿಯೊ ಎಡಿಟಿಂಗ್ ಮಾಡುವವರಿಗೆ ಬೇರೆಯದೇ ಮಷಿನ್ ಬೇಕು. ಅದರ ಮಾತು ಇಲ್ಲಿ ಬೇಡ.

ಈ ಬಜೆಟ್ಟಿನಲ್ಲಿ ಎದುರಿಗೆ ಬರುವುದು ಮುಖ್ಯವಾಗಿ ನಾಲ್ಕು ಬಗೆ. ಹನ್ನೊಂದು ಹನ್ನೆರಡು ಇಂಚಿನ ಪುಟಾಣಿ ವಿಂಡೋಸ್ ಲ್ಯಾಪ್‌ಟಾಪ್ ಒಂದು. ಕ್ರೋಮ್‌ಬುಕ್ ಇನ್ನೊಂದು. ಕೋರ್ ಐ3 ಅಥವಾ ರೈಜನ್ 3 ಪ್ರೊಸೆಸರ್ ಇರುವ 14 ಇಂಚಿನ ಸಾಮಾನ್ಯ ಲ್ಯಾಪ್‌ಟಾಪ್ ಮೂರನೆಯದು. ಆಫೀಸುಗಳಲ್ಲಿ ಕೆಲವು ವರ್ಷ ದುಡಿದು, ಶುಚಿಯಾಗಿ, ರಿಪೇರಿಯಾಗಿ ಮತ್ತೆ ಮಾರಾಟಕ್ಕೆ ಬರುವ ರಿಫರ್ಬಿಶ್ಡ್ ಮಷಿನ್ ನಾಲ್ಕನೆಯದು.

ಪುಟಾಣಿ ವಿಂಡೋಸ್ ಲ್ಯಾಪ್‌ಟಾಪ್

ನೋಡಲು ಮುದ್ದಾಗಿರುತ್ತದೆ. ತೂಕ ಒಂದು ಕೆಜಿ ಆಸುಪಾಸು. ಎಷ್ಟೋ ಮಾಡೆಲ್‌ಗಳಲ್ಲಿ ಫ್ಯಾನೇ ಇರುವುದಿಲ್ಲ, ಹಾಗಾಗಿ ಸದ್ದೂ ಇಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬೆಲೆಯೂ ಇದರದೇ ಕಡಿಮೆ. ಒಳಗೆ ಸಾಮಾನ್ಯವಾಗಿ ಸೆಲೆರಾನ್ ಎನ್4020 ಅಥವಾ ಎನ್4500 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಎಂಬ ಅಗ್ಗದ, ನಿಧಾನ ಬಗೆಯ ಸ್ಟೋರೇಜ್ ಇರುತ್ತದೆ. ಒಂದೊಂದನ್ನೇ ನೋಡಿದರೆ ಪರವಾಗಿಲ್ಲ ಅನ್ನಿಸಬಹುದು. ಮೂರೂ ಕೂಡಿದಾಗ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ.

ಮಷಿನ್ ಆನ್ ಮಾಡಿದಿರಿ. ವಿಂಡೋಸ್ 11 ಬಂದು ಕೂತಿತು. ನೀವಿನ್ನೂ ಏನನ್ನೂ ತೆರೆದಿಲ್ಲ, ಆಗಲೇ ರ‍್ಯಾಮಿನ ಅರ್ಧಕ್ಕಿಂತ ಜಾಸ್ತಿ ಖರ್ಚಾಗಿರುತ್ತದೆ. ಬ್ರೌಸರ್ ತೆರೆದು ಐದಾರು ಟ್ಯಾಬ್ ಹಾಕಿ, ಜೊತೆಗೆ ಒಂದು ವಿಡಿಯೊ ಕಾಲ್ ಶುರು ಮಾಡಿದರೆ ಉಳಿದದ್ದೂ ಮುಗಿಯಿತು. ಈಗ ವಿಂಡೋಸ್ ಏನು ಮಾಡುತ್ತದೆ? ರ‍್ಯಾಮಿನಲ್ಲಿ ಹಿಡಿಸದ್ದನ್ನು ಸ್ಟೋರೇಜಿನಲ್ಲಿ ಬರೆದಿಡುತ್ತದೆ, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಸ್ಟೋರೇಜ್ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಆಗಿದ್ದರೆ ಇದು ನಿಮಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಇಲ್ಲಿರುವುದು ಇಎಂಎಂಸಿ. ಅದರ 5.1 ಆವೃತ್ತಿಯ ಗರಿಷ್ಠ ವೇಗ ಕಾಗದದ ಮೇಲೆ ಸೆಕೆಂಡಿಗೆ 400 ಎಂಬಿ. ಚೂರು ಚೂರಾಗಿ ಬರೆಯುವ ಇಂಥ ಕೆಲಸದಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡಿಸ್ಕ್ ಶೇ 100 ಎಂದು ತೋರಿಸುತ್ತಿರುತ್ತದೆ. ಮೌಸ್ ಬಾಣ ಆರಾಮಾಗಿ ಓಡಾಡುತ್ತದೆ, ಕ್ಲಿಕ್ ಮಾಡಿದ ಕಿಟಕಿ ಮಾತ್ರ ತೆರೆಯುವುದೇ ಇಲ್ಲ. ಜನ ವೈರಸ್ ಬಂದಿದೆ ಅಂದುಕೊಳ್ಳುತ್ತಾರೆ. ಪಾಪ, ವೈರಸ್ಸಿನದೇನೂ ತಪ್ಪಿಲ್ಲ.

ಇನ್ನು ಜಾಗದ ಕಥೆ. ಕಂಪನಿ ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತದೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 64 ಜಿಬಿ ಎಂದು ಬರೆದದ್ದು ತೆರೆದು ನೋಡಿದಾಗ 59ರ ಆಸುಪಾಸಿಗೆ ಇಳಿದಿರುತ್ತದೆ. ಅದರಲ್ಲಿ ದೊಡ್ಡ ಪಾಲು ವಿಂಡೋಸಿಗೇ ಹೋಯಿತು. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟಿಗೆ ಹಲವು ಜಿಬಿ ಖಾಲಿ ಜಾಗ ಬೇಕು. ಆಗ ಫೋಟೊ ಅಳಿಸುವುದಾ, ಡೌನ್‌ಲೋಡ್ ಅಳಿಸುವುದಾ ಎಂದು ಕೂರಬೇಕು. ವಿಂಡೋಸ್ 11 ಓಡಲು ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಅಗತ್ಯವೇ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಅಂದರೆ ಈ ಮಷಿನ್ ಹುಟ್ಟುವಾಗಲೇ ಬರೀ ಪಾಸ್ ಮಾರ್ಕಿನಲ್ಲಿ ನಿಂತಿದೆ. ಇಎಂಎಂಸಿ ಕೂಡ ಬೋರ್ಡಿಗೆ ಬೆಸೆದದ್ದೇ. ಕೆಲವು ಮಾಡೆಲ್‌ಗಳಲ್ಲಿ ಪಕ್ಕದಲ್ಲಿ ಎಸ್‌ಎಸ್‌ಡಿ ಕೂರಿಸಲು ಒಂದು ಖಾಲಿ ಎಂ.2 ಸ್ಲಾಟ್ ಇರುತ್ತದೆ. ಇದ್ದರೆ ಅದೃಷ್ಟ.

ಇಂಥ ಮಷಿನ್‌ಗಳಲ್ಲಿ ವಿಂಡೋಸ್ 'ಎಸ್ ಮೋಡ್'ನಲ್ಲಿ ಬರುವುದೂ ಉಂಟು. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್‌ಗಳನ್ನು ಮಾತ್ರ ಹಾಕಿಕೊಳ್ಳಬಹುದು. ಹೊರಗಿನ ಸಾಫ್ಟ್‌ವೇರ್ ಹಾಕಲು ಹೋದಾಗ ತಡೆಯುತ್ತದೆ. ಗಾಬರಿ ಬೇಡ, ಎಸ್ ಮೋಡ್ ತೆಗೆಯಲು ದುಡ್ಡು ಕೊಡಬೇಕಾಗಿಲ್ಲ. ಆದರೆ ಒಮ್ಮೆ ತೆಗೆದರೆ ಮತ್ತೆ ಹಿಂದಕ್ಕೆ ಹೋಗಲು ಆಗುವುದಿಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು. ಇದೇ ಸೈಜಿನಲ್ಲಿ ಇಂಟೆಲ್ ಎನ್100 ಹಾಕಿದ ಮಾಡೆಲ್‌ಗಳೂ ಸಿಗುತ್ತವೆ. 2023ರ ಆರಂಭದಲ್ಲಿ ಬಂದ ಈ ಚಿಪ್‌ನಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಇವೆ. ಎನ್4020, ಎನ್4500ರಲ್ಲಿ ಇರುವುದು ಎರಡೆರಡೇ. ವಿದ್ಯುತ್ ಬಳಕೆಯ ರೇಟಿಂಗ್ ಬರೀ 6 ವ್ಯಾಟ್. ಜೊತೆಗೆ 8 ಜಿಬಿ ರ‍್ಯಾಮ್ ಮತ್ತು ನಿಜವಾದ ಎಸ್‌ಎಸ್‌ಡಿ ಇದ್ದರೆ ಬರೆಯಲು, ಓದಲು, ವಿಡಿಯೊ ನೋಡಲು ಧಾರಾಳವಾಗಿ ಸಾಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಒಳಗಿನ ವ್ಯತ್ಯಾಸ ಅಜಗಜಾಂತರ. ಚಿಪ್ಪಿನ ಹೆಸರನ್ನು ಪೂರ್ತಿ ಓದದೆ ದುಡ್ಡು ಕೊಡಬೇಡಿ.

ಕ್ರೋಮ್‌ಬುಕ್

ಮೊದಲ ಕ್ರೋಮ್‌ಬುಕ್‌ಗಳು ಮಾರಾಟಕ್ಕೆ ಬಂದದ್ದು 2011ರಲ್ಲಿ. ಇದರಲ್ಲಿರುವುದು ಗೂಗಲ್‌ನ ಕ್ರೋಮ್ ಓಎಸ್, ಅಂದರೆ ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ಬ್ರೌಸರೇ ಇದರ ಜೀವಾಳ, ಅದರ ಮೇಲೆ ಆಂಡ್ರಾಯ್ಡ್ ಆ್ಯಪ್‌ಗಳು. ಓಎಸ್ ಹಗುರ ಆಗಿರುವುದರಿಂದ ವಿಂಡೋಸ್‌ನಲ್ಲಿ ಏದುಸಿರು ಬಿಡುವ ಅದೇ ಚಿಪ್, ಅದೇ 4 ಜಿಬಿ ಇಲ್ಲಿ ಸಲೀಸಾಗಿ ಓಡುತ್ತದೆ. 8 ಜಿಬಿ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವೇ ಸೆಕೆಂಡುಗಳಲ್ಲಿ ಆನ್ ಆಗುತ್ತದೆ. ಅಪ್‌ಡೇಟ್ ಹಿನ್ನೆಲೆಯಲ್ಲಿ ತಾನೇ ಆಗಿ, ರೀಸ್ಟಾರ್ಟ್ ಮಾಡಿದಾಗ ಜಾರಿಗೆ ಬರುತ್ತದೆ. ಕಂಪ್ಯೂಟರ್ ನೋಡಿಕೊಳ್ಳುವ ತಲೆನೋವೇ ಬೇಡ ಎನ್ನುವವರಿಗೆ ಹೇಳಿ ಮಾಡಿಸಿದ್ದು.

ಕೊಳ್ಳುವ ಮುಂಚೆ ನೋಡಲೇಬೇಕಾದದ್ದು ಅಪ್‌ಡೇಟ್ ನಿಲ್ಲುವ ದಿನಾಂಕ. 2021ರಿಂದ ಈಚೆಗೆ ಬಂದ ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಗೂಗಲ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಕೇಳಲು ಚೆನ್ನಾಗಿದೆ. ಆದರೆ ಆ ಹತ್ತು ವರ್ಷದ ಎಣಿಕೆ ನೀವು ಕೊಂಡ ದಿನದಿಂದ ಅಲ್ಲ. ಆ ಮಾಡೆಲ್ ಯಾವ ಹಾರ್ಡ್‌ವೇರ್ ತಳಪಾಯದ ಮೇಲೆ ನಿಂತಿದೆಯೋ ಅದು ಬಿಡುಗಡೆಯಾದ ದಿನದಿಂದ. ಗೋದಾಮಿನಲ್ಲಿ ನಾಲ್ಕು ವರ್ಷ ಕೂತ ಮಾಲನ್ನು ರಿಯಾಯಿತಿಯಲ್ಲಿ ತಂದರೆ ನಿಮಗೆ ಉಳಿಯುವುದು ಆರೇ ವರ್ಷ. ಗೂಗಲ್ ತನ್ನ ಸಹಾಯ ಪುಟದಲ್ಲಿ ಪ್ರತಿ ಮಾಡೆಲ್ಲಿನ ದಿನಾಂಕವನ್ನೂ ಕೊಟ್ಟಿದೆ. ಮಷಿನ್ ಕೈಯಲ್ಲಿದ್ದರೆ ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆ.

'ಕ್ರೋಮ್‌ಬುಕ್ ಪ್ಲಸ್' ಎಂದು ಬರೆದಿದ್ದರೆ ಅದು ಬರೀ ಜಾಹೀರಾತಿನ ಹೆಸರಲ್ಲ. 2023ರ ಅಕ್ಟೋಬರ್‌ನಲ್ಲಿ ಇದನ್ನು ತಂದಾಗ ಗೂಗಲ್ ಕನಿಷ್ಠ ಮಟ್ಟ ಹಾಕಿತು: 12ನೇ ತಲೆಮಾರಿನ ಐ3 ಅಥವಾ ರೈಜನ್ 3 7000 ಸರಣಿಯ ಚಿಪ್, 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್, ಫುಲ್ ಎಚ್‌ಡಿ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ) ಸ್ಕ್ರೀನ್, 1080ಪಿ ಕ್ಯಾಮೆರಾ. ಈ ಬೆಲೆಯ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಒಳ್ಳೆಯ ಕ್ಯಾಮೆರಾ ಸಿಗುವುದು ಅಪರೂಪ.

ಏನು ಆಗುವುದಿಲ್ಲ? ವಿಂಡೋಸ್‌ಗೆಂದೇ ಬರೆದ ಸಾಫ್ಟ್‌ವೇರ್ ಯಾವುದೂ ನೇರವಾಗಿ ಓಡುವುದಿಲ್ಲ. ಮೈಕ್ರೋಸಾಫ್ಟ್ ಆಫೀಸ್ ಬೇಕಾದರೆ ವೆಬ್ ಆವೃತ್ತಿಯಲ್ಲೇ ಕೆಲಸ ಸಾಗಿಸಬೇಕು. ಲೆಕ್ಕಪತ್ರದ ಡೆಸ್ಕ್‌ಟಾಪ್ ಸಾಫ್ಟ್‌ವೇರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಹಳೆಯ ಸ್ಕ್ಯಾನರ್, ಇವೆಲ್ಲ ಇರುವವರು ಈ ಕಡೆ ತಲೆ ಹಾಕದಿರುವುದೇ ಒಳ್ಳೆಯದು. ಕನ್ನಡ ಟೈಪಿಂಗ್‌ಗೆ ತೊಂದರೆ ಇಲ್ಲ, ಯೂನಿಕೋಡ್ ಕೀಲಿಮಣೆ ಇದೆ. ಆದರೆ ಮುದ್ರಣದ ಕೆಲಸಕ್ಕಾಗಿ ನುಡಿ, ಬರಹದ ಹಳೆಯ ಫಾಂಟ್‌ಗಳನ್ನೇ ನೆಚ್ಚಿಕೊಂಡವರಿಗೆ ವಿಂಡೋಸೇ ಗತಿ.

ನಿಮಗೆ ಆಗಿಬರುತ್ತದಾ ಎಂದು ತಿಳಿಯಲು ದುಡ್ಡು ಖರ್ಚು ಮಾಡಬೇಕಾಗಿಲ್ಲ. ಈಗಿರುವ ಕಂಪ್ಯೂಟರಿನಲ್ಲಿ ಒಂದು ವಾರ ಬ್ರೌಸರ್ ಬಿಟ್ಟು ಬೇರೆ ಏನನ್ನೂ ತೆರೆಯದೆ ಕೆಲಸ ಮಾಡಿ ನೋಡಿ. ವಾರ ಕಳೆಯಿತು, ಏನೂ ತೊಡಕಾಗಲಿಲ್ಲ ಅಂದರೆ ಕ್ರೋಮ್‌ಬುಕ್ ಸಾಕು. ಎರಡನೇ ದಿನಕ್ಕೇ ಯಾವುದೋ ಸಾಫ್ಟ್‌ವೇರ್ ಬೇಕಾಯಿತು ಅಂದರೆ ಉತ್ತರ ಸಿಕ್ಕಿತಲ್ಲ.

14 ಇಂಚಿನ ಐ3, ರೈಜನ್ 3

ಬಹುಪಾಲು ಜನರಿಗೆ ಸರಿಹೊಂದುವುದು ಇದೇ. ಫುಲ್ ಎಚ್‌ಡಿ ಸ್ಕ್ರೀನ್, 8 ಜಿಬಿ ರ‍್ಯಾಮ್, 256 ಅಥವಾ 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಒಂದೂವರೆ ಕೆಜಿ ಆಸುಪಾಸಿನ ತೂಕ. ಬ್ಯಾಗಿಗೂ ಭಾರ ಅಲ್ಲ, ಕಣ್ಣಿಗೂ ಕಷ್ಟ ಅಲ್ಲ. ಗೊಂದಲ ಇರುವುದು ಪ್ರೊಸೆಸರಿನ ಹೆಸರಿನಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸ್ಟಿಕ್ಕರ್ ಮೇಲೆ 'ಕೋರ್ ಐ3' ಎಂದಷ್ಟೇ ಇರುತ್ತದೆ. ಅದರ ಹಿಂದೆ ಮೂರು ಬೇರೆ ಬೇರೆ ಪ್ರಾಣಿಗಳು ಇರಬಹುದು. 2020ರಲ್ಲಿ ಬಂದ ಐ3-1115ಜಿ4 ಆಗಿದ್ದರೆ ಎರಡೇ ಕೋರ್. 2022ರ ಐ3-1215ಯು ಆಗಿದ್ದರೆ ಎರಡು ದೊಡ್ಡ ಕೋರ್, ನಾಲ್ಕು ಸಣ್ಣ ಕೋರ್, ಒಟ್ಟು ಆರು. ಐ3-ಎನ್305 ಆಗಿದ್ದರೆ ಎಂಟು ಕೋರ್. ಎಂಟು ಅಂದರೆ ಆರಕ್ಕಿಂತ ಜಾಸ್ತಿ ಅಲ್ವಾ ಎಂದು ಖುಷಿಪಡಬೇಡಿ, ಆ ಎಂಟೂ ಸಣ್ಣ ಕೋರ್‌ಗಳೇ. ಅದು ಎನ್100ರ ದೊಡ್ಡಣ್ಣ. ಕೆಟ್ಟದ್ದೇನಲ್ಲ, ಆದರೆ ಒಂದೇ ಕೆಲಸವನ್ನು ಚುರುಕಾಗಿ ಮುಗಿಸುವುದರಲ್ಲಿ 1215ಯು ಮುಂದೆ. ಈ ಮೂರರಲ್ಲಿ ಬೆಲೆ ಹೆಚ್ಚು ಕಡಿಮೆ ಒಂದೇ ಇದ್ದರೆ ನಾನು 1215ಯು ಅಥವಾ ಅದರ ನಂತರದ 1315ಯು ಆರಿಸುತ್ತೇನೆ. 2024ರಿಂದ ಇಂಟೆಲ್ ಹೊಸ ಚಿಪ್‌ಗಳ ಹೆಸರಿನಲ್ಲಿ 'ಐ' ಬಿಟ್ಟು 'ಕೋರ್ 3', 'ಕೋರ್ 5' ಎಂದು ಕರೆಯಲು ಶುರು ಮಾಡಿತು. ಅದಕ್ಕೂ ಮೊದಲು, 2023ರಲ್ಲಿ, ಲ್ಯಾಪ್‌ಟಾಪ್‌ಗಳಲ್ಲಿ ಸೆಲೆರಾನ್, ಪೆಂಟಿಯಂ ಹೆಸರುಗಳನ್ನು ಕೈಬಿಟ್ಟು ಬರೀ 'ಇಂಟೆಲ್ ಪ್ರೊಸೆಸರ್' ಎಂದಿತು. ಹೆಸರು ಬದಲಾದರೂ ಪೂರ್ತಿ ಮಾಡೆಲ್ ನಂಬರ್ ಓದಿದರೆ ಬಣ್ಣ ಬಯಲಾಗುತ್ತದೆ.

ರೈಜನ್ ಚಿಪ್ ತಯಾರಿಸುವ ಎಎಂಡಿ ಕಡೆ ಆಟ ಇನ್ನೂ ಸೂಕ್ಷ್ಮ. ರೈಜನ್ 5 7520ಯು ಮತ್ತು ರೈಜನ್ 5 7530ಯು. ಎರಡೂ ರೈಜನ್ 5, ಎರಡೂ 7000 ಸರಣಿ. ವ್ಯತ್ಯಾಸ ಮೂರನೇ ಅಂಕೆಯಲ್ಲಿ ಮಾತ್ರ. ಈ ಸರಣಿಯಲ್ಲಿ ಮೂರನೇ ಅಂಕೆ ಹೇಳುವುದು ಒಳಗಿನ ಕೋರ್ ಯಾವ ತಲೆಮಾರಿನದು ಎಂದು. 2 ಅಂದರೆ ಝೆನ್ 2, ಅದು 2019ರಲ್ಲಿ ಬಂದ ವಿನ್ಯಾಸ. 3 ಅಂದರೆ ಝೆನ್ 3. ಕೋರ್‌ಗಳ ಸಂಖ್ಯೆಯೂ ಬೇರೆ: 7520ಯುನಲ್ಲಿ ನಾಲ್ಕು, 7530ಯುನಲ್ಲಿ ಆರು. 'ರೈಜನ್ 5' ಎಂಬ ಹೆಸರು ನೋಡಿ ಜಾಸ್ತಿ ದುಡ್ಡು ಕೊಟ್ಟು 7520ಯು ತಂದವರು, ರೈಜನ್ 3 7320ಯು ತಂದವರಿಗಿಂತ ಮುಂದೆ ಹೋಗುವುದು ಕೂದಲೆಳೆಯಷ್ಟು. ಏಕೆಂದರೆ 7320ಯುನಲ್ಲೂ ಅದೇ ನಾಲ್ಕು ಝೆನ್ 2 ಕೋರ್‌ಗಳಿವೆ. ಅಥ್ಲಾನ್ ಸಿಲ್ವರ್ 7120ಯು ಎಂದು ಕಂಡರೆ ಸುಮ್ನೆ ಮುಂದಕ್ಕೆ ಹೋಗಿ. ಅದರಲ್ಲಿ ಎರಡೇ ಕೋರ್.

7320ಯು, 7520ಯು ಎರಡಕ್ಕೂ ಇನ್ನೊಂದು ಕಟ್ಟುಪಾಡು ಇದೆ. ಇವು ಎಲ್‌ಪಿಡಿಡಿಆರ್5 ರ‍್ಯಾಮನ್ನು ಮಾತ್ರ ಒಪ್ಪುತ್ತವೆ, ಆ ರ‍್ಯಾಮ್ ಈ ಲ್ಯಾಪ್‌ಟಾಪ್‌ಗಳಲ್ಲಿ ಬೋರ್ಡಿಗೇ ಬೆಸೆದುಕೊಂಡು ಬರುತ್ತದೆ. ಅಂದರೆ ಕೊಳ್ಳುವ ದಿನ 8 ಜಿಬಿ ಇದ್ದರೆ ಕೊನೆಯವರೆಗೂ 8 ಜಿಬಿ. ಸಾಧ್ಯವಾದರೆ 16 ಜಿಬಿಯದನ್ನೇ ತನ್ನಿ. 1215ಯು ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ವಲ್ಪ ರ‍್ಯಾಮ್ ಬೆಸೆದು, ಪಕ್ಕಕ್ಕೆ ಒಂದು ಸ್ಲಾಟ್ ಬಿಟ್ಟಿರುತ್ತಾರೆ. ಎಲ್ಲದರಲ್ಲೂ ಅಲ್ಲ, ಮಾಡೆಲ್ ನೋಡಿ ಖಚಿತ ಮಾಡಿಕೊಳ್ಳಬೇಕು. ಸ್ಲಾಟ್ ಇದ್ದರೆ ಈಗ 8 ಜಿಬಿಯಲ್ಲಿ ಶುರು ಮಾಡಿ ಮುಂದೆ ಇನ್ನೊಂದು 8 ಸೇರಿಸಬಹುದು. ರ‍್ಯಾಮ್ ಜೋಡಿಯಾದರೆ ಒಳಗಿನ ಗ್ರಾಫಿಕ್ಸ್‌ಗೂ ವೇಗ ಬರುತ್ತದೆ.

ಹಾಗಾದರೆ 1215ಯು ಮೇಲಾ, 7320ಯು ಮೇಲಾ? ರ‍್ಯಾಮ್ ಮತ್ತು ಎಸ್‌ಎಸ್‌ಡಿ ಸಮ ಇದ್ದರೆ ದಿನದ ಕೆಲಸದಲ್ಲಿ ನಿಮಗೆ ಫರಕು ಗೊತ್ತಾಗುವುದು ಕಷ್ಟ. ವಾದ ಅಲ್ಲಿಗೇ ನಿಲ್ಲಿಸಿ, ಎರಡರಲ್ಲಿ ಯಾವುದರ ಸ್ಕ್ರೀನ್ ಚೆನ್ನಾಗಿದೆ, ಯಾವುದರ ಕೀಬೋರ್ಡ್ ಕೈಗೆ ಒಗ್ಗುತ್ತದೆ ನೋಡಿ.

ಆಫೀಸಿನಿಂದ ನಿವೃತ್ತಿಯಾದ ಮಷಿನ್

ರಿಫರ್ಬಿಶ್ಡ್ ಎಂದರೆ ಮೂಗು ಮುರಿಯುವವರು ಇದ್ದಾರೆ. ನನಗೆ ಮಾತ್ರ ಇದು ಬಹಳ ಇಷ್ಟದ ದಾರಿ. ಹೊಸದಾಗಿದ್ದಾಗ ಇವು ದುಬಾರಿ ಮಷಿನ್‌ಗಳು. ಹಿಂಜ್ ಗಟ್ಟಿ, ಕೀಬೋರ್ಡ್ ಅದ್ಭುತ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಉದಾಹರಣೆಗೆ 2018ರಲ್ಲಿ ಬಂದ ಥಿಂಕ್‌ಪ್ಯಾಡ್ ಟಿ480. 8ನೇ ತಲೆಮಾರಿನ ನಾಲ್ಕು ಕೋರ್‌ನ ಐ5, ರ‍್ಯಾಮಿಗೆ ಎರಡು ಸ್ಲಾಟ್, ಒಳಗೊಂದು ಬ್ಯಾಟರಿ, ಹಿಂದುಗಡೆ ಕೈಯಲ್ಲೇ ಬಿಚ್ಚಬಹುದಾದ ಇನ್ನೊಂದು ಬ್ಯಾಟರಿ. ಈಗಿನ ಬಜೆಟ್ ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟು ಬಿಚ್ಚಿ ಜೋಡಿಸುವ ಸ್ವಾತಂತ್ರ್ಯ ಸಿಗುವುದಿಲ್ಲ.

ಇಲ್ಲಿ ಎಡವುವ ಜಾಗಗಳೂ ಇವೆ. ಮೊದಲನೆಯದು ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಬೆರಳೆಣಿಕೆಯ ಚಿಪ್‌ಗಳನ್ನು ಬಿಟ್ಟರೆ, ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಿನವನ್ನು. ಹಾಗಾಗಿ ಐ5-8250ಯು ಸರಿ, ಐ5-7200ಯು ಬೇಡ, ಐ5-6200ಯು ಅಂತೂ ಬೇಡವೇ ಬೇಡ. ಅಂಥ ಹಳೆಯ ಮಷಿನ್‌ಗೂ ಅಡ್ಡದಾರಿಯಲ್ಲಿ ವಿಂಡೋಸ್ 11 ತುಂಬಿ ಮಾರುವವರಿದ್ದಾರೆ. ಓಡುತ್ತದೆ, ನಿಜ. ಮುಂದಿನ ಅಪ್‌ಡೇಟ್‌ಗಳು ಬರುತ್ತವೆ ಎನ್ನುವ ಖಾತರಿ ಮಾತ್ರ ಇಲ್ಲ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಓಎಸ್ ಬಳಸುವವರಾದರೆ ಈ ಗೆರೆ ನಿಮಗೆ ಅನ್ವಯಿಸುವುದಿಲ್ಲ. ಲಿನಕ್ಸ್ ಮಿಂಟ್ ಹಾಕಿದ 6ನೇ ತಲೆಮಾರಿನ ಮಷಿನ್ ಇನ್ನೂ ಎಷ್ಟೋ ವರ್ಷ ದುಡಿಯಬಲ್ಲದು.

ಎರಡನೆಯದು ಬ್ಯಾಟರಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯ ಇದೆ. ಅದರಲ್ಲಿ ಡಿಸೈನ್ ಕೆಪಾಸಿಟಿ (ಹೊಸದಿದ್ದಾಗ ಹಿಡಿಯುತ್ತಿದ್ದಷ್ಟು), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವಷ್ಟು) ಎಂದು ಎರಡು ಅಂಕಿ ಕಾಣುತ್ತವೆ. ಮೊದಲನೆಯದು 48 ವ್ಯಾಟ್‌ಅವರ್, ಎರಡನೆಯದು 24 ಇದ್ದರೆ ಬ್ಯಾಟರಿಯ ಅರ್ಧ ಆಯುಸ್ಸು ಕರಗಿದೆ ಎಂದು ಅರ್ಥ. ಹೊಸ ಬ್ಯಾಟರಿಯ ಖರ್ಚನ್ನೂ ಬೆಲೆಗೆ ಸೇರಿಸಿಯೇ ಹೋಲಿಸಬೇಕು. ಮೂರನೆಯದು ಬೀಗ. ಆಫೀಸಿನವರು ಹಾಕಿದ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಪಾಸ್‌ವರ್ಡ್ ಹಾಗೇ ಉಳಿದಿದ್ದರೆ ತೆಗೆಯುವುದು ಹರಸಾಹಸ. ಮಷಿನ್ ಆನ್ ಮಾಡಿ ಬಯೋಸ್ ಒಳಗೆ ಹೋಗಿ ನೋಡಿ, ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ.

ಸ್ಕ್ರೀನ್ ಬಗ್ಗೆಯೂ ಎಚ್ಚರ ಇರಲಿ. ಟಿ480ಯಂಥ ಮಾಡೆಲ್‌ಗಳು 1366×768 ಪ್ಯಾನೆಲ್‌ನಲ್ಲೂ ಬಂದಿವೆ, ಫುಲ್ ಎಚ್‌ಡಿಯಲ್ಲೂ ಬಂದಿವೆ. ಹೆಸರು ಒಂದೇ. 8ನೇ ತಲೆಮಾರಿನ ಗ್ರಾಫಿಕ್ಸ್‌ಗೆ ಎವಿ1 ಎಂಬ ಹೊಸ ಬಗೆಯಲ್ಲಿ ಕುಗ್ಗಿಸಿದ ವಿಡಿಯೊವನ್ನು ಬಿಚ್ಚುವ ಯಂತ್ರಾಂಶ ಇಲ್ಲ, ಆ ಕೆಲಸ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಸದ್ದು ಮಾಡುತ್ತದೆ. ಎನ್100, 1215ಯು, 7320ಯು ಮೂರರಲ್ಲೂ ಆ ಯಂತ್ರಾಂಶ ಇದೆ. 'ಎ ಗ್ರೇಡ್', 'ಬಿ ಗ್ರೇಡ್' ಎಂದು ಬರೆದಿರುತ್ತಾರಲ್ಲ, ಅದು ಮಾರುವವರೇ ಕೊಟ್ಟುಕೊಂಡ ಅಂಕ. ಎಲ್ಲರೂ ಒಪ್ಪಿದ ಅಳತೆ ಇಲ್ಲ.

ಸ್ಕ್ರೀನ್, ಬ್ಯಾಟರಿ ಮತ್ತು ಉಳಿದದ್ದು

1366×768 ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕೆ. 1920×1080 ಅಂದರೆ ಸುಮಾರು ಇಪ್ಪತ್ತೊಂದು ಲಕ್ಷ, ಹೆಚ್ಚು ಕಡಿಮೆ ದುಪ್ಪಟ್ಟು. ಆದರೆ ಸ್ಕ್ರೀನಿನ ಸೈಜನ್ನೂ ಸೇರಿಸಿ ನೋಡಬೇಕು. 11.6 ಇಂಚಿನಲ್ಲಿ ಆ ಹತ್ತೂವರೆ ಲಕ್ಷ ಹರಡಿದರೆ ಇಂಚಿಗೆ 135 ಚುಕ್ಕೆ ಬರುತ್ತದೆ, ಅಕ್ಷರ ಪರವಾಗಿಲ್ಲ. 15.6 ಇಂಚಿನಲ್ಲಿ ಹರಡಿದರೆ ಇಂಚಿಗೆ ನೂರೇ. ಅಲ್ಲಿ ಇಂಗ್ಲಿಷ್ ಹೇಗೋ ಓದಬಹುದು. ಕನ್ನಡದಲ್ಲಿ 'ಸ್ತ್ರೀ', 'ಕರ್ತೃತ್ವ' ಎಂಬ ಪದ ಬಂದರೆ ಒತ್ತಕ್ಷರಗಳು ಕಲಸಿಹೋಗಿ ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. 14 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ 157 ಚುಕ್ಕೆ, ಒತ್ತು ದೀರ್ಘ ಎಲ್ಲ ಸ್ಪಷ್ಟ. ಇನ್ನೊಂದು, ಎತ್ತರ. 768 ಸಾಲಿನಲ್ಲಿ ಬ್ರೌಸರಿನ ಮೇಲಿನ ಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಹೋದರೆ ಓದಲು ಉಳಿಯುವುದು ಸಣ್ಣ ಕಿಂಡಿ. ಈಚೆಗೆ 1920×1200 ಸ್ಕ್ರೀನ್‌ಗಳೂ ಬರುತ್ತಿವೆ. ಬರೆಯುವವರಿಗೆ ಆ ಜಾಸ್ತಿ 120 ಸಾಲು ನಿಜಕ್ಕೂ ಉಪಯೋಗ.

ಪ್ಯಾನೆಲ್ ಟಿಎನ್ ಆಗಿದೆಯೋ ಐಪಿಎಸ್ ಆಗಿದೆಯೋ ತಿಳಿಯಲು ಸ್ಪೆಕ್ ಹಾಳೆ ಬೇಕಾಗಿಲ್ಲ. ಒಂದು ಬಣ್ಣದ ಫೋಟೊ ತೆರೆದು ಮುಚ್ಚಳವನ್ನು ನಿಧಾನವಾಗಿ ಹಿಂದಕ್ಕೆ ಮುಂದಕ್ಕೆ ವಾಲಿಸಿ. ಬಣ್ಣ ತಿರುಗಿ ಫೋಟೊದ ನೆಗೆಟಿವ್ ಥರ ಕಂಡರೆ ಟಿಎನ್. ಐಪಿಎಸ್ ಆದರೆ ಹಾಗೆ ಆಗುವುದಿಲ್ಲ. ಬೆಳಕು ಈ ದರ್ಜೆಯಲ್ಲಿ ಸಾಮಾನ್ಯವಾಗಿ 250 ನಿಟ್ ಇರುತ್ತದೆ, ಕೋಣೆಯೊಳಗೆ ಸಾಕು. ಕಿಟಕಿ ಪಕ್ಕ ಕೂರುವವರು 300 ಇರುವುದನ್ನು ಹುಡುಕಲಿ.

ಬ್ಯಾಟರಿ ವಿಷಯದಲ್ಲಿ 'ಹತ್ತು ಗಂಟೆ', 'ಹನ್ನೆರಡು ಗಂಟೆ' ಎಂಬ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. ಬೆಳಕು ತಗ್ಗಿಸಿ, ಹಗುರ ಕೆಲಸ ಕೊಟ್ಟು ಅಳೆದ ಅಂಕಿ ಅದು. ನೋಡಬೇಕಾದದ್ದು ವ್ಯಾಟ್‌ಅವರ್. ಹಗುರ ಕೆಲಸದಲ್ಲಿ ಮಷಿನ್ ಸರಾಸರಿ 7 ವ್ಯಾಟ್ ಎಳೆಯುತ್ತದೆ ಅಂದುಕೊಂಡರೆ 42 ವ್ಯಾಟ್‌ಅವರ್ ಬ್ಯಾಟರಿ ಆರು ಗಂಟೆ ಬರುತ್ತದೆ. ವಿಡಿಯೊ ಕಾಲ್‌ನಲ್ಲಿ ಅದು 12 ವ್ಯಾಟ್‌ಗೆ ಏರಿದರೆ ಮೂರೂವರೆ ಗಂಟೆ. ಲೆಕ್ಕ ಇಷ್ಟು ಸರಳ. ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವ ಮಾಡೆಲ್ ಸಿಕ್ಕರೆ ಬಿಡಬೇಡಿ, ಚಾರ್ಜರ್ ಮರೆತ ದಿನ ಬೇರೆಯವರ 45 ಅಥವಾ 65 ವ್ಯಾಟ್ ಚಾರ್ಜರ್ ಆಪದ್ಬಾಂಧವ ಆಗುತ್ತದೆ. ಆದರೆ ಯುಎಸ್‌ಬಿ-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗಲೇಬೇಕೆಂದಿಲ್ಲ. ಡೇಟಾಕ್ಕೆ ಮಾತ್ರ ಬಳಸುವ ಪೋರ್ಟ್‌ಗಳೂ ಉಂಟು.

ಉಳಿದವು ಚಿಕ್ಕ ಮಾತುಗಳು. ವೈ-ಫೈ 5 ಇದ್ದರೆ ಸಾಕು, 6 ಇದ್ದರೆ ಒಳ್ಳೆಯದು. ಈ ಬೆಲೆಯಲ್ಲಿ ಕ್ಯಾಮೆರಾ 720ಪಿ ಇರುವುದೇ ಹೆಚ್ಚು, ಮುಖ ಕಾಣುತ್ತದೆ, ಅಷ್ಟೇ. ಟೈಪ್ ಮಾಡುವಾಗ ಕೀಬೋರ್ಡಿನ ನಡುಭಾಗ ತಗ್ಗಿದರೆ ಕಟ್ಟುಮಸ್ತು ಸಾಲದು ಎಂದು ಲೆಕ್ಕ.

ಹೊಸ ಮಷಿನ್ ಮನೆಗೆ ಬಂದ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು, ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ಡಿಸ್ಕ್ ಯಾವ ಬಗೆಯದು ಎಲ್ಲ ಒಂದೇ ಕಡೆ ಕಾಣುತ್ತದೆ. ಜಾಹೀರಾತಿನಲ್ಲಿ ಹೇಳಿದ್ದಕ್ಕೆ ತಾಳೆ ಹಾಕಿ. ಬ್ಯಾಟರಿ ರಿಪೋರ್ಟನ್ನೂ ತೆಗೆದು ನೋಡಿ, ಹೊಸ ಮಷಿನ್‌ನಲ್ಲಿ ಎರಡೂ ಅಂಕಿ ಹತ್ತಿರ ಹತ್ತಿರ ಇರಬೇಕು. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕೆ ಇದೆಯಾ ನೋಡಿ. ಆಮೇಲೆ ಒಂದು ಗಂಟೆ ವಿಡಿಯೊ ಕಾಲ್ ಮಾಡಿ, ಜೊತೆಗೆ ನೀವು ದಿನಾ ತೆರೆಯುವ ಟ್ಯಾಬ್‌ಗಳನ್ನೆಲ್ಲ ತೆರೆದಿಡಿ. ಆ ಒಂದು ಗಂಟೆಯಲ್ಲಿ ತಡವರಿಸಿದ ಮಷಿನ್ ಮುಂದೆ ಇನ್ನೂ ನಿಧಾನ ಆಗುತ್ತದೆಯೇ ಹೊರತು ವೇಗ ಆಗುವುದಿಲ್ಲ. ಡಬ್ಬ, ಬಿಲ್ ಅಲ್ಲಿಯವರೆಗೆ ಎಸೆಯಬೇಡಿ.